ಎಲ್ಲಿಗೆ ಎನ್ನುವ ಮೊದಲು, ಯಾವ ಮಳೆಯಲ್ಲಿ?

ಪ್ರಶ್ನೆ: ನಾವು ದಾವಣಗೆರೆಯವರು. ನಾನು ಬ್ಯಾಂಕಿನಲ್ಲಿ, ಪತಿ ಕಾಲೇಜಿನಲ್ಲಿ ಕೆಲಸ ಮಾಡುತ್ತೇವೆ. ಮಗನಿಗೆ 14, ಮಗಳಿಗೆ 9. ಜೊತೆಗೆ 70 ದಾಟಿದ ಅತ್ತೆ ಇದ್ದಾರೆ. ಮಂಡಿನೋವು ಇದೆ, ಉತ್ಸಾಹಕ್ಕೆ ಮಾತ್ರ ಕೊರತೆಯಿಲ್ಲ. ಊಟಿ, ಮನಾಲಿ ಎಂದು ದೂರ ಓಡುವ ಬದಲು ಒಂದು ವರ್ಷ ನಮ್ಮ ರಾಜ್ಯದ ಕಾಡು, ಬೆಟ್ಟ, ಹೊಳೆಗಳನ್ನೇ ನೋಡೋಣ ಎಂದುಕೊಂಡೆವು. ಮೊದಲ ಎರಡು ಪ್ರವಾಸಗಳೂ ಕೈಕೊಟ್ಟವು. ಮೇ ತಿಂಗಳಲ್ಲಿ ಜೋಗಕ್ಕೆ ಹೋದರೆ ಬರೀ ಬಂಡೆ. ಆಗಸ್ಟ್ 15ರ ಸಾಲು ರಜೆಯಲ್ಲಿ ಮುಳ್ಳಯ್ಯನಗಿರಿಗೆ ಹೊರಟು, ನಾಲ್ಕು ಗಂಟೆ ಮಂಜಿನಲ್ಲಿ ಮುಂದಿನ ಕಾರಿನ ಕೆಂಪು ದೀಪ ನೋಡಿಕೊಂಡು ಕುಳಿತು ಹಿಂದಿರುಗಿದೆವು. ವರ್ಷಕ್ಕೆ ಐದಾರು ಸಲ ಎರಡು ಮೂರು ದಿನ ಬಿಡುವು ಮಾಡಿಕೊಳ್ಳಬಲ್ಲೆವು. ಎಲ್ಲಿಗೆ ಹೋಗಬೇಕು? ಮಗನಿಗೆ ಚಾರಣದ ಹುಚ್ಚು. ಅದು ಸುರಕ್ಷಿತವೇ, ಅನುಮತಿ ಬೇಕೇ?

ಉತ್ತರ: ನೀವು ಆರಿಸಿಕೊಂಡ ಎರಡೂ ಜಾಗಗಳು ಒಳ್ಳೆಯವೇ. ಹೊರಟ ದಿನ ಕೆಟ್ಟದ್ದು, ಅಷ್ಟೇ. ಇಪ್ಪತ್ತೈದು ವರ್ಷಗಳಿಂದ ಶಾಲಾ ಮಕ್ಕಳನ್ನು ಕಾಡು ಗುಡ್ಡ ಸುತ್ತಿಸಿಕೊಂಡು ಬಂದಿರುವ ನನ್ನನ್ನು ವಾರಕ್ಕೆ ಒಬ್ಬರಾದರೂ ‘ಎಲ್ಲಿಗೆ ಹೋಗೋಣ’ ಎಂದು ಕೇಳುತ್ತಾರೆ. ‘ಯಾವಾಗ’ ಎಂದು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಮೊಬೈಲಿನಲ್ಲಿ ಹರಿದಾಡುವ ‘ನೋಡಲೇಬೇಕಾದ ಹತ್ತು ತಾಣ’ಗಳ ಪಟ್ಟಿಯಲ್ಲಿ ಜೋಗದ ಚಿತ್ರ ಯಾವಾಗಲೂ ಮಳೆಗಾಲದ್ದೇ ಇರುತ್ತದೆ, ಅದನ್ನು ನೋಡಿದವರು ಹೊರಡುವುದು ಮಕ್ಕಳ ಬೇಸಿಗೆ ರಜೆಯಲ್ಲಿ.

ನಿಮಗೆ ಬೇಕಾದ ಪಂಚಾಂಗ ನಿಮ್ಮ ಮನೆಯಲ್ಲೇ ಇದೆ. ಅತ್ತೆಯವರನ್ನು ಮಳೆ ನಕ್ಷತ್ರಗಳ ಹೆಸರು ಕೇಳಿ ನೋಡಿ. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ, ವಿಶಾಖ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಾರು. ಜೂನ್ ಮೊದಲ ವಾರದ ಕೊನೆಯಿಂದ ಹಿಡಿದು ನವೆಂಬರ್‌ವರೆಗೆ ಹೆಚ್ಚುಕಡಿಮೆ ಹದಿನಾಲ್ಕು ದಿನಕ್ಕೊಂದು ಮಳೆ. ರೈತರು ಬಿತ್ತನೆಗೆ, ಕಳೆಗೆ, ಕೊಯ್ಲಿಗೆ ಇಟ್ಟುಕೊಂಡ ಈ ಲೆಕ್ಕವನ್ನೇ ನಾನು ತಿರುಗಾಟಕ್ಕೂ ಇಟ್ಟುಕೊಂಡಿದ್ದೇನೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಚಳ್ಳಕೆರೆಯಲ್ಲಿ ಐನೂರು ಆದರೆ ಅದು ಒಳ್ಳೆಯ ವರ್ಷ. ಎರಡೂ ನಿಮ್ಮ ಊರಿನಿಂದ ಕೆಲವೇ ಗಂಟೆಗಳ ದಾರಿ. ಇಂಥ ರಾಜ್ಯದಲ್ಲಿ ತಿಂಗಳು ನೋಡದೆ ಹೊರಟರೆ ಬಂಡೆ, ಇಲ್ಲವೇ ಮಂಜು, ಇಲ್ಲವೇ ಕಾರುಗಳೇ ಗತಿ.

ಜೋಗದ ಬಂಡೆಯ ಕಥೆಯನ್ನು ಮೊದಲು ಮುಗಿಸುತ್ತೇನೆ. 253 ಮೀಟರ್ ಎತ್ತರದಿಂದ ಬೀಳಬೇಕಾದ ಶರಾವತಿಯನ್ನು ಕೆಲವೇ ಕಿಲೋಮೀಟರ್ ಮೇಲೆ ಲಿಂಗನಮಕ್ಕಿಯಲ್ಲಿ ತಡೆದು ನಿಲ್ಲಿಸಿದ್ದಾರೆ. ಆ ಅಣೆಕಟ್ಟು 1964ರದ್ದು. ಅಲ್ಲಿಂದ ನೀರು ಕಾಲುವೆಯಲ್ಲಿ ತಲಕಳಲೆಗೆ ಹೋಗಿ, ಅಲ್ಲಿಂದ ಕೊಳವೆಗಳಲ್ಲಿ ಇಳಿದು ವಿದ್ಯುತ್ತಾಗುತ್ತದೆ. ಜಲಪಾತಕ್ಕೆ ತಾಗದೆ ಪಕ್ಕದಿಂದಲೇ ಹೊರಟುಹೋಗುತ್ತದೆ ಎನ್ನಿ. ಹಾಗಾಗಿ ರಾಜ, ರಾಣಿ, ರೋರರ್, ರಾಕೆಟ್‌ಗಳಿಗೆ ಉಳಿದಿರುವುದು ಅಣೆಕಟ್ಟಿನ ಕೆಳಗೆ ಬಿದ್ದ ಮಳೆಯ ನೀರು ಮತ್ತು ಗೇಟು ತೆರೆದ ದಿನದ ನೀರು. ಜಲಾಶಯದ ಪೂರ್ಣ ಮಟ್ಟ 1,819 ಅಡಿ. ಮಳೆಗಾಲದಲ್ಲಿ ಪತ್ರಿಕೆಯ ಮೂಲೆಯಲ್ಲಿ ದಿನವೂ ಬರುವ ಜಲಾಶಯಗಳ ಪಟ್ಟಿಯನ್ನು ನೋಡುತ್ತಿರಿ. ನಿಮ್ಮ ಮಗಳಿಗೆ ಆ ಕೆಲಸ ಒಪ್ಪಿಸಿದರೂ ಆದೀತು. ಮಟ್ಟ ಏರುತ್ತಾ ಹೋದ ಹಾಗೆ ಮನೆಯಲ್ಲಿ ತಯಾರಿ ಶುರುವಾಗಲಿ.

ಮುಳ್ಳಯ್ಯನಗಿರಿಯ ವಿಷಯ ಇನ್ನೂ ಸರಳ. 1,930 ಮೀಟರಿನ ಆ ಶಿಖರ ರಾಜ್ಯದಲ್ಲೇ ಎತ್ತರದ್ದು, ತುದಿಯ ಹತ್ತಿರದವರೆಗೂ ಡಾಂಬರು ರಸ್ತೆಯಿದೆ, ಬೆಂಗಳೂರಿನಿಂದ ಒಂದು ಹಗಲಿನ ದಾರಿ. ಸಾಲು ರಜೆಯಲ್ಲಿ ಅಲ್ಲಿ ಏನಾಗಬೇಕೋ ಅದೇ ಆಗುತ್ತದೆ. ಈಗ ಜಿಲ್ಲಾಡಳಿತ ಮುಳ್ಳಯ್ಯನಗಿರಿ ಇರುವ ಚಂದ್ರದ್ರೋಣ ಸಾಲಿಗೆ ಹೋಗುವ ವಾಹನಗಳಿಗೆ ಮಿತಿ ಹಾಕಿ, ಮುಂಗಡ ನೋಂದಣಿ ಮಾಡಿಸಿಕೊಳ್ಳಬೇಕೆಂದು ಹೇಳುತ್ತಿದೆ. ಡಿಸೆಂಬರಿನ ದತ್ತ ಜಯಂತಿಯ ದಿನಗಳಲ್ಲಿ ಪ್ರವಾಸಿಗರನ್ನು ಬಿಡುವುದೇ ಇಲ್ಲ. ನೀವು ಎರಡು ದಿನ ರಜೆ ಹಾಕಬಲ್ಲಿರಾದರೆ ಮಂಗಳವಾರ, ಬುಧವಾರ ಹಾಕಿ. ಅದೇ ಬೆಟ್ಟ, ಅದೇ ಗಾಳಿ, ಕಾರು ನಿಲ್ಲಿಸಲು ಜಾಗವೂ ಇರುತ್ತದೆ.

ಈಗ ಚಿತ್ತೆ ಮಳೆ ನಡೆಯುತ್ತಿದೆ. ನಿಮ್ಮ ವರ್ಷವನ್ನು ಇಲ್ಲಿಂದಲೇ ಶುರುಮಾಡೋಣ.

ಹಸ್ತ ಕಳೆದು ಚಿತ್ತೆ, ಸ್ವಾತಿ ನಡೆಯುವ ಅಕ್ಟೋಬರ್, ನವೆಂಬರ್ ತಿಂಗಳುಗಳು ಬೆಟ್ಟ ಹತ್ತುವ ಕಾಲ. ಮಳೆ ಆಕಾಶದ ಧೂಳನ್ನೆಲ್ಲ ತೊಳೆದು ಹೋಗಿರುತ್ತದೆ, ಹುಲ್ಲು ಇನ್ನೂ ಹಸಿರು, ತೊರೆಗಳಲ್ಲಿ ನೀರಿರುತ್ತದೆ ಆದರೆ ಸೊಕ್ಕು ಇಳಿದಿರುತ್ತದೆ. ಮಗನನ್ನು ಕರೆದುಕೊಂಡು ನಿಮ್ಮ ಪತಿ ಕುದುರೆಮುಖ ಹತ್ತಲಿ. ಕಳಸದ ಕಡೆಯ ಮುಳ್ಳೋಡಿಯಿಂದ ಹೊರಟು ಸಂಜೆಯೊಳಗೆ ವಾಪಸಾಗಬೇಕು. ಹೋಗಿಬರಲು 20 ಕಿಲೋಮೀಟರ್ ಆಸುಪಾಸು. ಹದಿನಾಲ್ಕು ವರ್ಷದ, ಆಟ ಆಡುವ ಹುಡುಗನಿಗೆ ಇದು ಕಷ್ಟವಲ್ಲ. ಕಷ್ಟ ಯಾರಿಗೆ ಎಂದು ನಿಮಗೆ ಗೊತ್ತು. ಪತಿಯವರು ಇವತ್ತಿನಿಂದಲೇ ಬೆಳಿಗ್ಗೆ ಒಂದು ಗಂಟೆ ನಡೆಯಲು ಶುರುಮಾಡಲಿ, ಮೂರನೇ ವಾರದಿಂದ ಮೆಟ್ಟಿಲು ಹತ್ತಲಿ. ಕುಮಾರ ಪರ್ವತವನ್ನು ಮೊದಲ ಚಾರಣವಾಗಿ ಆರಿಸಿಕೊಳ್ಳಬೇಡಿ. 1,712 ಮೀಟರ್ ಎಂದರೆ ಕುದುರೆಮುಖಕ್ಕಿಂತ ಗಿಡ್ಡವಲ್ಲವೇ ಎನ್ನುತ್ತಾರೆ. ಆದರೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತುವವರು ಹೆಚ್ಚುಕಡಿಮೆ ಸಮುದ್ರದ ಮಟ್ಟದಿಂದಲೇ ಹೊರಡುತ್ತಾರೆ. ಬೆಟ್ಟದ ಎತ್ತರಕ್ಕಿಂತ, ನೀವು ಕಾಲಿಟ್ಟ ಜಾಗದಿಂದ ಎಷ್ಟು ಮೇಲೇರಬೇಕು ಎಂಬುದನ್ನು ಮಂಡಿ ಲೆಕ್ಕ ಹಾಕುತ್ತದೆ.

ಕುದುರೆಮುಖದಲ್ಲಿ ಮಗನಿಗೆ ತೋರಿಸಬೇಕಾದದ್ದು ಶಿಖರವೊಂದೇ ಅಲ್ಲ. ಅರ್ಧ ದಾರಿಯಲ್ಲಿ ಒಮ್ಮೆ ನಿಂತು ಎದುರಿನ ಗುಡ್ಡಗಳನ್ನು ನೋಡಲು ಹೇಳಿ. ನೆತ್ತಿ, ಹೆಗಲು, ಬೆನ್ನು ಎಲ್ಲ ಬರೀ ಹುಲ್ಲು. ಎರಡು ಗುಡ್ಡ ಸೇರುವ ಮಡಿಕೆಯಲ್ಲಿ ಮಾತ್ರ ಕಪ್ಪು ಹಸಿರಿನ ಕಾಡು, ಯಾರೋ ಕತ್ತರಿಸಿ ತುರುಕಿದ ಹಾಗೆ. ಇದೇ ಶೋಲಾ. ಆ ಮಡಿಕೆಯೊಳಕ್ಕೆ ಹತ್ತು ಹೆಜ್ಜೆ ಇಟ್ಟರೆ ಬಿಸಿಲು ನಿಲ್ಲುತ್ತದೆ, ಕಾಲಡಿಯ ನೆಲ ಮೆತ್ತಗಾಗುತ್ತದೆ, ಪಾಚಿ ಹಿಡಿದ ಮರದ ಬುಡದಲ್ಲಿ ಕಿವಿಯಿಟ್ಟರೆ ಎಲ್ಲೋ ನೀರು ಜಿನುಗುವ ಸದ್ದು. ಹುಲ್ಲಿನ ಬೇರುಗಳು ಮಳೆಯನ್ನು ಹಿಡಿದಿಟ್ಟುಕೊಂಡು ತಿಂಗಳುಗಟ್ಟಲೆ ಈ ಮಡಿಕೆಗಳಿಗೆ ಬಿಡುತ್ತವೆ. ಈ ಸಾಲಿನ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಹುಟ್ಟುತ್ತವೆ. ದಾವಣಗೆರೆಯ ಸುತ್ತ ಭತ್ತದ ಗದ್ದೆಗೆ ಬರುವ ಭದ್ರಾ ನಾಲೆಯ ನೀರು ಮಗ ನಿಂತಿರುವ ಇದೇ ಬೆಟ್ಟಗಳಿಂದ ಇಳಿದು ಬಂದದ್ದು ಎಂದು ಹೇಳಿ. ನನ್ನ ಅನುಭವದಲ್ಲಿ ಮಕ್ಕಳು ಅಲ್ಲಿ ಒಂದು ಕ್ಷಣ ಮೊಬೈಲನ್ನು ಜೇಬಿಗಿಳಿಸುತ್ತಾರೆ. ಇದೇ ಗುಡ್ಡಗಳನ್ನು ಕಬ್ಬಿಣದ ಅದಿರಿಗಾಗಿ ಅಗೆಯಲಾಗುತ್ತಿತ್ತು, ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ಅದು ನಿಂತಿತು ಎಂಬುದನ್ನೂ ಹೇಳಿ. 1987ರಲ್ಲೇ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ ಜಾಗವದು. ಪಶ್ಚಿಮ ಘಟ್ಟದ 39 ತಾಣಗಳನ್ನು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕರ್ನಾಟಕದ ಹತ್ತು ಅದರಲ್ಲಿದ್ದವು, ಕುದುರೆಮುಖವೂ ಒಂದು.

ಅನುಮತಿ ಬೇಕೇ ಎಂದರೆ, ಬೇಕೇ ಬೇಕು. 2024ರ ಜನವರಿಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಜಾತ್ರೆಯ ಹಾಗೆ ಸಾವಿರಾರು ಜನ ಸಾಲುಗಟ್ಟಿದ ಚಿತ್ರ ಎಲ್ಲೆಡೆ ಹರಿದಾಡಿತು. ಆಮೇಲೆ ಅರಣ್ಯ ಇಲಾಖೆ ನಿಯಮ ಬಿಗಿ ಮಾಡಿತು. ಈಗ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಗುರುತಿನ ಚೀಟಿ ಕೊಟ್ಟು ಮುಂಗಡವಾಗಿ ಕಾಯ್ದಿರಿಸಬೇಕು, ಒಂದು ಹಾದಿಗೆ ದಿನಕ್ಕೆ 300 ಜನರ ಮಿತಿಯಿದೆ. ಶನಿವಾರ, ಭಾನುವಾರದ ಚೀಟಿ ಬಹುಬೇಗ ಮುಗಿಯುತ್ತದೆ, ಇದು ಮಂಗಳವಾರ ಹೊರಡಲು ಇನ್ನೊಂದು ಕಾರಣ. ಸ್ಥಳಕ್ಕೆ ಹೋಗಿ ‘ಯಾರಿಗಾದರೂ ಹೇಳಿ ಒಳಗೆ ಬಿಡಿಸುತ್ತೇನೆ’ ಎನ್ನುವವರನ್ನು ನಂಬಬೇಡಿ. ಹಾಗೆ ಹೊರಟ ಗುಂಪೊಂದು ಕತ್ತಲಲ್ಲಿ ದಾರಿ ತಪ್ಪಿ, ಅವರು ಕಾಡಿನಲ್ಲಿದ್ದಾರೆ ಎಂಬುದೇ ಯಾವ ಪುಸ್ತಕದಲ್ಲೂ ನಮೂದಾಗದೆ, ಬೆಳಗಿನವರೆಗೆ ಬಂಡೆಯ ಮೇಲೆ ಕುಳಿತದ್ದನ್ನು ನಾನು ಬಲ್ಲೆ. ಊಟಕ್ಕೆ ಚಿತ್ರಾನ್ನ, ನಡುವೆ ಬಾಯಾಡಿಸಲು ನಿಮ್ಮೂರಿನ ಮಂಡಕ್ಕಿಗಿಂತ ಹಗುರವಾದದ್ದು ನನಗಿನ್ನೂ ಸಿಕ್ಕಿಲ್ಲ.

ಇವರಿಬ್ಬರು ಹತ್ತುವಾಗ ಉಳಿದ ಮೂವರು ಏನು ಮಾಡಬೇಕು? ಕಳಸದಲ್ಲಿ ಉಳಿಯಿರಿ, ಹೊರನಾಡಿಗೆ ಹೋಗಿ ಬನ್ನಿ, ಭದ್ರೆಯ ದಡದಲ್ಲಿ ಮಗಳನ್ನು ಆಡಲು ಬಿಡಿ. ‘ಎಲ್ಲರೂ ಒಟ್ಟಿಗೆ ಹತ್ತಬಹುದಾದ ಬೆಟ್ಟ ಕೊಡಚಾದ್ರಿ, ಜೀಪ್ ಹೋಗುತ್ತದೆ’ ಎಂದು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಜೀಪ್ ಹೋಗುವುದು ನಿಜ. ಆದರೆ ಆ ಹಾದಿಯಲ್ಲಿ ಕುಳಿತವರ ಸೊಂಟದ ಕಥೆಯನ್ನು ಅವರು ಹೇಳುವುದಿಲ್ಲ. 1,343 ಮೀಟರಿನ ಆ ತುದಿಯ ಸರ್ವಜ್ಞ ಪೀಠದ ಪುಟ್ಟ ಕಲ್ಲು ಮಂಟಪ, ಪಶ್ಚಿಮಕ್ಕೆ ಇಳಿದುಹೋಗುವ ಕಣಿವೆ ನನಗೂ ಬಹಳ ಇಷ್ಟ. ಅತ್ತೆಯವರನ್ನು ಮಾತ್ರ ಕೊಲ್ಲೂರಿನಲ್ಲೇ ಬಿಡಿ, ಸೌಪರ್ಣಿಕೆಯ ತೀರ ಅವರಿಗೆ ಸಾಕು.

ಡಿಸೆಂಬರ್ ಬಂತೆಂದರೆ ಮಲೆನಾಡಿಗೆ ಬೆನ್ನು ಮಾಡಿ ಬಯಲಿಗೆ ಬನ್ನಿ. ಇದನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ಬಯಲುಸೀಮೆಯಲ್ಲಿ ‘ಏನಿದೆ ಮಹಾ’ ಎಂಬ ಭಾವನೆ ನಮ್ಮಲ್ಲೇ ಇದೆ. ನಿಮ್ಮದೇ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ರಂಗಯ್ಯನದುರ್ಗ ಎಂಬ ವನ್ಯಧಾಮವಿದೆ, ಕೊಂಡುಕುರಿಗಾಗಿಯೇ ಮಾಡಿದ್ದು. ಜಿಂಕೆಯಷ್ಟು ದೊಡ್ಡದೂ ಅಲ್ಲದ ಈ ಪ್ರಾಣಿಯ ಗಂಡಿಗೆ ನಾಲ್ಕು ಕೊಂಬು. ಇಂಥದ್ದು ಬೇರೆ ಯಾವ ಕಾಡು ಪ್ರಾಣಿಗೂ ಇಲ್ಲ. ನಾಚಿಕೆಯ ಜೀವ, ಕಾಣುವುದು ಅದೃಷ್ಟ. ಪಕ್ಕದ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳ ವನ್ಯಧಾಮವಿದೆ.

ನನ್ನ ಕೇಳಿದರೆ ಚಳಿಗಾಲದ ಒಂದೇ ಪ್ರವಾಸಕ್ಕೆ ನಿಮ್ಮಲ್ಲಿ ಬಿಡುವಿದ್ದರೆ ಅದು ಮಾಗಡಿ ಕೆರೆಗೆ ಇರಲಿ. ಕೆಂಪೇಗೌಡರ ಮಾಗಡಿಯಲ್ಲ, ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಮೊಬೈಲ್ ನಕ್ಷೆಗೆ ಬರೀ ‘ಮಾಗಡಿ’ ಎಂದು ಹೇಳಿ ಬೆಂಗಳೂರಿನ ದಾರಿ ಹಿಡಿದವರಿದ್ದಾರೆ. ನೋಡಿದರೆ ಸಾಧಾರಣ ಕೆರೆ. ಏರಿ, ಜಾಲಿ, ದನ ಕಾಯುವ ಹುಡುಗರು. ನವೆಂಬರಿನಿಂದ ಫೆಬ್ರುವರಿಯವರೆಗೆ ಇಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬೀಡುಬಿಡುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯ ಹಕ್ಕಿಗಳು, ಹಿಮಾಲಯವನ್ನು ದಾಟಿಕೊಂಡು ಬಂದವು. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿ ಬಿಟ್ಟ ಹಕ್ಕಿಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಕಾಣಿಸಿಕೊಂಡದ್ದುಂಟು. ಹಗಲೆಲ್ಲ ಕೆರೆಯಲ್ಲಿ ಕುಳಿತು ತೂಕಡಿಸುವ ಇವು ಹೊತ್ತು ಇಳಿಯುತ್ತಿದ್ದಂತೆ ಹೊಲಗಳಿಗೆ ಮೇಯಲು ಹೊರಡುತ್ತವೆ. ಆ ಹೊತ್ತಿಗೆ ನೀವು ಏರಿಯ ಮೇಲೆ ಇರಬೇಕು. ಮೊದಲು ಒಂದೆರಡು ಹಕ್ಕಿ ಕತ್ತು ಎತ್ತುತ್ತವೆ, ಆಮೇಲೆ ಗುಸುಗುಸು ಕೆರೆಯ ಈ ತುದಿಯಿಂದ ಆ ತುದಿಗೆ ಹಬ್ಬುತ್ತದೆ, ಮದುವೆ ಮನೆಯಲ್ಲಿ ಊಟಕ್ಕೆ ಎದ್ದ ಹಾಗೆ. ನಂತರ ಒಂದು ಗುಂಪು ನೀರನ್ನು ಬಡಿದು ಮೇಲೇಳುತ್ತದೆ, ನಿಮ್ಮ ತಲೆಯ ಮೇಲೆಯೇ ಹಾದುಹೋಗುತ್ತದೆ. ರೆಕ್ಕೆಯ ಗಾಳಿ ಕೇಳಿಸುತ್ತದೆ. ಹೊಲದವರಿಗೆ ಇವುಗಳಿಂದ ಕಡಲೆ, ಶೇಂಗಾ ನಷ್ಟವಾಗುತ್ತದೆ, ಗೊಣಗುತ್ತಾರೆ, ಆದರೂ ಊರವರು ಹಕ್ಕಿಗಳ ಬಗ್ಗೆ ಹೆಮ್ಮೆಯಿಂದಲೇ ಮಾತಾಡುತ್ತಾರೆ. 2024ರಲ್ಲಿ ಈ ಕೆರೆ, ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳನ್ನು ಗುರುತಿಸುವ ರಾಮ್ಸರ್ ಪಟ್ಟಿಗೆ ಸೇರಿತು. ವಿಜಯನಗರ ಜಿಲ್ಲೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವೂ ಆಗಲೇ ಸೇರಿತು. ಹಂಪಿಗೆ ಹೋಗುವಾಗ ಅಲ್ಲೊಂದು ಬೆಳಗು ಕಳೆಯಿರಿ. ಅತ್ತೆಯವರಿಗೆ ಒಂದು ಮಡಚುವ ಕುರ್ಚಿ, ಎಲ್ಲರಿಗೂ ಸೇರಿ ಒಂದು ಬೈನಾಕ್ಯುಲರ್ ಸಾಕು. ಕೆರೆಯ ಮೇಲೆ ಡ್ರೋನ್ ಹಾರಿಸುವವರನ್ನು ಕಂಡರೆ ನನ್ನ ಪರವಾಗಿಯೂ ನಾಲ್ಕು ಮಾತು ಬೈಯಿರಿ.

ಹಂಪಿಯವರೆಗೆ ಹೋದರೆ ಸಂಜೆಗೆ ದರೋಜಿಗೆ ಹೋಗಿ. 1994ರಿಂದ ಕರಡಿಧಾಮವಾಗಿರುವ ಆ ಬಂಡೆ ಗುಡ್ಡಗಳಲ್ಲಿ, ವೀಕ್ಷಣಾ ಗೋಪುರದಲ್ಲಿ ಸದ್ದು ಮಾಡದೆ ಕುಳಿತರೆ ಗವಿಗಳಿಂದ ಕರಡಿ ಇಳಿದು ಬರುವುದನ್ನು ದೂರದಿಂದ ನೋಡಬಹುದು. ಮಗನಿಗೆ ಬಂಡೆ ಹತ್ತುವುದನ್ನು ಸರಿಯಾಗಿ ಕಲಿಯುವ ಆಸೆಯಿದ್ದರೆ ಬಾದಾಮಿಯ ಮರಳುಗಲ್ಲಿನ ಗೋಡೆಗಳು ದೇಶದಲ್ಲೇ ಹೆಸರಾದವು. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಶಿಬಿರಗಳನ್ನು ವಿಚಾರಿಸಿ. ಹಗ್ಗ, ಹೆಲ್ಮೆಟ್ಟು, ಕಲಿಸುವವರು ಇಲ್ಲದೆ ಯಾವ ಬಂಡೆಯೂ ಬೇಡ.

ಕರಾವಳಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಜನವರಿಯಲ್ಲಿ ಯಾರ ಸಹಾಯವೂ ಇಲ್ಲದೆ ಚೆನ್ನಾಗಿರುತ್ತದೆ. ಎರಡು ಜಾಗ ಮಾತ್ರ ಹೇಳುತ್ತೇನೆ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದಲ್ಲಿ ನೀವು ಕಾಣುವ ಪಟ್ಟಿಪಟ್ಟಿಯ ಕಲ್ಲಿನ ಕಂಬಗಳನ್ನು ಯಾರೂ ಕೆತ್ತಿದ್ದಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭೂಭಾಗ ನಮ್ಮಿಂದ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ, ತಣ್ಣಗಾಗುತ್ತಾ ಬಿರುಕುಬಿಟ್ಟು ಹೀಗೆ ಮೂಲೆಮೂಲೆಯ ಕಂಬಗಳಾದವು. ಬಿಸಿಲಿಗೆ ಒಣಗಿದ ಕೆರೆಯ ಕೆಸರು ಬಿರಿಯುವುದನ್ನು ಮಗಳು ನೋಡಿರುತ್ತಾಳೆ, ಅದೇ ಲೆಕ್ಕ. ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಬಿಡುವುದಿಲ್ಲ. ಇನ್ನೊಂದು ಹೊನ್ನಾವರ. ಶರಾವತಿ ಸಮುದ್ರ ಸೇರುವ ಜಾಗದ ಹತ್ತಿರ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಹಲಗೆಯ ಕಾಲುದಾರಿ ಮಾಡಿದ್ದಾರೆ. ಮಂಡಿನೋವಿನವರೂ ಸಲೀಸಾಗಿ ನಡೆಯಬಹುದು. ಕಾಸರಕೋಡಿನ ಕಡಲ ತೀರ ಅಲ್ಲೇ ಪಕ್ಕ.

ಮಾರ್ಚ್‌ನಿಂದ ಮೇವರೆಗೆ ಮಲೆನಾಡಿನ ಕಾಡುದಾರಿಗಳನ್ನು ಬಿಟ್ಟುಬಿಡಿ. ಅಬ್ಬಿಗಳು ಒಣಗಿರುತ್ತವೆ, ಹುಲ್ಲು ಬೆಂಕಿಗೆ ಕಾದಿರುತ್ತದೆ, ಕಾಳ್ಗಿಚ್ಚಿನ ಭಯದಿಂದ ಇಲಾಖೆಯವರು ಚಾರಣದ ಹಾದಿಗಳನ್ನೂ ಮುಚ್ಚುತ್ತಾರೆ. ಇನ್ನೊಂದು ಕಾರಣವನ್ನು ಪ್ರವಾಸದ ಪಟ್ಟಿಗಳು ಬರೆಯುವುದೇ ಇಲ್ಲ: ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣುಗಿನಿಂದ ಹರಡುತ್ತದೆ. ಡಿಸೆಂಬರಿನಿಂದ ಮೇವರೆಗೆ, ಒಣಗಿದ ತರಗೆಲೆಯ ಮೇಲೆ ಸಾಸಿವೆ ಕಾಳಿಗಿಂತ ಸಣ್ಣ ಉಣುಗಿನ ಮರಿಗಳು ಕಾದಿರುತ್ತವೆ. ಹೆದರಿ ಮನೆಯಲ್ಲಿ ಕೂರಬೇಕಿಲ್ಲ. ಸಾಗರ, ತೀರ್ಥಹಳ್ಳಿ, ಸಿದ್ದಾಪುರ, ಕೊಪ್ಪದ ಕಡೆ ಆ ದಿನಗಳಲ್ಲಿ ಹೋದರೆ ತರಗೆಲೆಯ ಮೇಲೆ ಕೂರಬೇಡಿ, ಮೈತುಂಬಾ ಬಟ್ಟೆ ಹಾಕಿಕೊಳ್ಳಿ, ವಾಪಸು ಬಂದು ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯದವರಿಗೋ ಆಶಾ ಕಾರ್ಯಕರ್ತೆಗೋ ತಿಳಿಸಿ. ಮರಳಿದ ವಾರದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ವೈದ್ಯರಿಗೆ ‘ಕಾಡಿಗೆ ಹೋಗಿದ್ದೆವು’ ಎಂಬುದನ್ನು ಮೊದಲು ಹೇಳಿ. ದಾವಣಗೆರೆಯ ವೈದ್ಯರಿಗೆ ಅದು ತಾನಾಗಿ ಹೊಳೆಯದಿರಬಹುದು.

ಹಾಗಾದರೆ ಮಕ್ಕಳ ಬೇಸಿಗೆ ರಜೆಯಲ್ಲಿ ಎಲ್ಲಿಗೆ? ನೀರು ಉಳಿದಿರುವ ಕಡೆಗೆ. ಪ್ರಾಣಿಗಳೂ ಅದನ್ನೇ ಮಾಡುತ್ತವೆ. ನಿಮಗೆ ಹತ್ತಿರದ ಲಕ್ಕವಳ್ಳಿಗೆ ಹೋಗಿ, ಭದ್ರಾ ಜಲಾಶಯ ಮತ್ತು ಹುಲಿ ಸಂರಕ್ಷಿತ ಪ್ರದೇಶ ಎರಡೂ ಅಲ್ಲೇ ಇವೆ. ಹಿನ್ನೀರು ಇಳಿದಾಗ ಎದ್ದು ಕಾಣುವ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಎಂಬ ಹಳದಿ ಕೊಕ್ಕಿನ, ಕಪ್ಪು ಟೋಪಿಯ ಹಕ್ಕಿಗಳು ಬರಿನೆಲದ ಮೇಲೆಯೇ ಮೊಟ್ಟೆಯಿಟ್ಟು ಕಾವಿಗೆ ಕುಳಿತಿರುತ್ತವೆ. ದೋಣಿಯಲ್ಲಿ ಕುಳಿತೇ ನೋಡಬಹುದು, ಅತ್ತೆಯವರಿಗೂ ತೊಂದರೆಯಿಲ್ಲ. ಶಿವಮೊಗ್ಗದ ಹತ್ತಿರದ ಸಕ್ರೆಬೈಲು ಆನೆ ಬಿಡಾರಕ್ಕೆ ಬೆಳಿಗ್ಗೆ ಹೋದರೆ ಆನೆಗಳ ಸ್ನಾನ ಸಿಗುತ್ತದೆ. ಸ್ವಲ್ಪ ದೂರ ಹೋಗುವ ಮನಸ್ಸಿದ್ದರೆ ಕಬಿನಿ ಹಿನ್ನೀರು. ಏಪ್ರಿಲ್, ಮೇನಲ್ಲಿ ನೀರು ಸರಿದ ಜಾಗದಲ್ಲಿ ಹುಲ್ಲು ಚಿಗುರಿ ಆನೆಗಳ ಹಿಂಡು ಬಂದು ಸೇರುತ್ತವೆ. ಮಗನಿಗೆ ಗಣೇಶಗುಡಿಯ ಕಾಳಿ ನದಿಯಲ್ಲಿ ರಾಫ್ಟಿಂಗ್ ಇದೆ. ತಮಾಷೆ ನೋಡಿ, ಜೋಗದಲ್ಲಿ ನೀರನ್ನು ಕಸಿದುಕೊಂಡ ವಿದ್ಯುತ್ತೇ ಇಲ್ಲಿ ನೀರನ್ನು ಕೊಡುತ್ತದೆ. ಮೇಲಿನ ಸೂಪಾ ಅಣೆಕಟ್ಟಿನಿಂದ ವಿದ್ಯುತ್ತಿಗಾಗಿ ಬಿಡುವ ನೀರಿನಿಂದ ಬೇಸಿಗೆಯಲ್ಲೂ ಕಾಳಿ ಕುದಿಯುತ್ತಿರುತ್ತದೆ. ಒಂಬತ್ತರ ಮಗಳನ್ನು ಆ ದೋಣಿಗೆ ಹತ್ತಿಸಬೇಡಿ.

ಮೃಗಶಿರ ಹಿಡಿಯಿತೆಂದರೆ ಮತ್ತೆ ಮಲೆನಾಡು, ಆದರೆ ನಡೆಯಲು ಅಲ್ಲ, ಕೂರಲು. ಆರಿದ್ರಾದಲ್ಲಿ ಆಗುಂಬೆಯ ಕಡೆ ಒಂದು ಹಳೆಯ ಹೆಂಚಿನ ಮನೆಯ ಜಗಲಿ ಹುಡುಕಿ ಎರಡು ದಿನ ಇರಿ. ಕಡಲಿನಿಂದ ಬಂದ ಮೋಡ ಘಟ್ಟದ ಗೋಡೆಗೆ ಮೊದಲು ಬಡಿಯುವುದು ಅಲ್ಲಿ. ಮಳೆ ಬರುವ ಮೊದಲು ಸದ್ದು ಬರುತ್ತದೆ. ದೂರದ ಅಡಿಕೆ ತೋಟದಿಂದ ಹತ್ತಿರದ ತೋಟಕ್ಕೆ, ಅಲ್ಲಿಂದ ಅಂಗಳಕ್ಕೆ. ರಾತ್ರಿ ಕಪ್ಪೆಗಳ ಕಚೇರಿ, ಎಷ್ಟು ಬಗೆಯ ಧ್ವನಿ ಎಂದು ಮಗಳು ಎಣಿಸಲಿ. ಉಂಬಳ (ಜಿಗಣೆ) ಹತ್ತುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎಲೆಯ ಅಂಚಿನಲ್ಲಿ ನೂಲಿನ ಎಳೆಯ ಹಾಗೆ ನಿಂತು ಮೂತಿ ಆಡಿಸುತ್ತಿರುತ್ತದೆ, ನಿಮ್ಮ ಹೆಜ್ಜೆ ಬಿದ್ದೊಡನೆ ಗೇಣು ಹಾಕುತ್ತಾ ಓಡಿ ಬರುತ್ತದೆ. ಕಿತ್ತು ಎಳೆಯಬೇಡಿ, ಸ್ವಲ್ಪ ಸುಣ್ಣವೋ ಉಪ್ಪೋ ತಾಗಿಸಿದರೆ ತಾನೇ ಬಿಡುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಏನೋ ಬಿಟ್ಟಿರುತ್ತದೆ, ಆದ್ದರಿಂದ ಗಾಯ ಸ್ವಲ್ಪ ಹೊತ್ತು ಸುರಿಯುತ್ತದೆ. ನೋವಿಲ್ಲ, ಜೀವಕ್ಕೆ ಅಪಾಯವಿಲ್ಲ, ಶಾಲೆಯಲ್ಲಿ ಹೇಳಿಕೊಳ್ಳಲು ಒಳ್ಳೆಯ ಕಥೆ.

ಮಳೆಗಾಲದ ಅಪಾಯವಿರುವುದು ಹೊಳೆಯಲ್ಲಿ. ‘ಆಶ್ಲೇಷ ಮಳೆ, ಈಸಲಾರದ ಹೊಳೆ’ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಹಲವು ವರ್ಷಗಳ ಹಿಂದೆ ಹನ್ನೆರಡು ಮಕ್ಕಳೊಂದಿಗೆ ಬೆಳಿಗ್ಗೆ ಮಂಡಿಯುದ್ದದ ಹಳ್ಳವೊಂದನ್ನು ದಾಟಿ ಹೋದೆ. ನಾವಿದ್ದಲ್ಲಿ ಹನಿ ಮಳೆಯೂ ಇರಲಿಲ್ಲ. ಮಧ್ಯಾಹ್ನ ವಾಪಸು ಬಂದರೆ ಅದೇ ಹಳ್ಳ ಕೆಂಪಗೆ, ಎದೆಮಟ್ಟ, ಮರದ ದಿಮ್ಮಿಯನ್ನು ಉರುಳಿಸಿಕೊಂಡು ಹೋಗುತ್ತಿತ್ತು. ಮೇಲೆ ಎಲ್ಲೋ ಸುರಿದಿತ್ತು. ಹಗ್ಗ ಕಟ್ಟಿ ದಾಟಿಸೋಣ ಎಂದರು ಜೊತೆಯಲ್ಲಿದ್ದವರು. ನಾನು ಒಪ್ಪಲಿಲ್ಲ. ಐದು ಗಂಟೆ ದಡದಲ್ಲಿ ಕುಳಿತೆವು, ಇದ್ದ ಬಿಸ್ಕತ್ತು ಹಂಚಿಕೊಂಡೆವು, ನೀರಿನ ಅಂಚಿಗೆ ಕೋಲು ನೆಟ್ಟು ಇಳಿಯುವುದನ್ನು ಅಳೆದೆವು. ಪೋಷಕರಿಂದ ಬೈಗುಳ ತಿಂದೆ, ಅದು ಅಗ್ಗದ್ದು. ನೀರಿನ ಬಣ್ಣ ಬದಲಾಯಿತೆಂದರೆ, ತರಗೆಲೆ ತೇಲಿ ಬರಲು ಶುರುವಾಯಿತೆಂದರೆ ಫೋಟೊ ಬಿಟ್ಟು ದಡ ಸೇರಿ. ಜಲಪಾತದ ನೆತ್ತಿಯ ಪಾಚಿಗಲ್ಲಿನ ಮೇಲೆ ಯಾವ ಕಾರಣಕ್ಕೂ ಕಾಲಿಡಬೇಡಿ.

ಅತ್ತೆಯವರು ಮಳೆಗಾಲದ ಘಟ್ಟವನ್ನು ನೆನೆಯದೆ ನೋಡಬೇಕೆಂದರೆ ರೈಲು ಇದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗೆ 57 ಸುರಂಗ, ಲೆಕ್ಕವಿಲ್ಲದಷ್ಟು ಸೇತುವೆ. ಬೆಂಗಳೂರು–ಮಂಗಳೂರು ಹಗಲಿನ ರೈಲಿಗೆ 2021ರಿಂದ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿ ಸೇರಿಸಿದ್ದಾರೆ. ಹಾಸನದಲ್ಲಿ ಹತ್ತಬಹುದು. ಆ ಮಾರ್ಗದಲ್ಲಿ ಆಗಾಗ ಕೆಲಸ ನಡೆಯುವುದರಿಂದ ಹಗಲಿನ ರೈಲು ಓಡುತ್ತಿದೆಯೇ ಎಂದು ನೋಡಿಕೊಂಡು ಚೀಟಿ ತೆಗೆಸಿ. ಹಳಿಯ ಮೇಲೆ ನಡೆಯುವ ‘ಹಸಿರು ಹಾದಿ’ ಚಾರಣದ ಹಳೆಯ ವಿಡಿಯೊಗಳನ್ನು ಮಗ ತೋರಿಸಿಯಾನು. ಅದು ನಿಷಿದ್ಧ, ಸುರಂಗದೊಳಗೆ ರೈಲು ಬಂದರೆ ಸರಿಯಲು ಜಾಗವಿರುವುದಿಲ್ಲ.

ಹುಬ್ಬೆ, ಉತ್ತರೆಯಲ್ಲಿ, ಅಂದರೆ ಸೆಪ್ಟೆಂಬರಿನಲ್ಲಿ, ಎಲ್ಲರೂ ಪಶ್ಚಿಮಕ್ಕೆ ಹೊರಟಾಗ ನೀವು ಪೂರ್ವಕ್ಕೆ ಹೋಗಿ. ಸಂಡೂರಿನ ಗುಡ್ಡಗಳು ಆ ಒಂದು ತಿಂಗಳು ಮಲೆನಾಡಿಗೆ ಸವಾಲು ಹಾಕುವಷ್ಟು ಹಸಿರಾಗಿರುತ್ತವೆ. ಕೆಂಪು ಮಣ್ಣು, ಅದರ ಮೇಲೆ ಎಳೆ ಹುಲ್ಲು, ನಾರಿಹಳ್ಳದ ನೀರು, ಕುಮಾರಸ್ವಾಮಿ ಬೆಟ್ಟದ ಹಳೆಯ ಗುಡಿ. ಗಣಿ ಲಾರಿಗಳೂ ಇರುತ್ತವೆ, ಅವನ್ನು ಸಹಿಸಿಕೊಳ್ಳಬೇಕು.

ಅದಕ್ಕೂ ಮೊದಲು, ಆಗಸ್ಟ್ ನಡುವಿನಲ್ಲಿ, ಮಘೆ ಹಿಡಿದಾಗ ಜೋಗ. ‘ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು’ ಎನ್ನುತ್ತಾರಲ್ಲ, ಜೋಗಕ್ಕೂ ಆ ಮಾತು ಒಪ್ಪುತ್ತದೆ. 15ರ ರಜೆಯನ್ನು ತಪ್ಪಿಸಿ, ಹಿಂದಿನ ದಿನ ಸಾಗರದಲ್ಲಿ ಉಳಿದು ಬೆಳಿಗ್ಗೆ ಬೇಗ ಹೊರಡಿ. ಕಾಮಗಾರಿಯಿಂದ ಯಾವ ಭಾಗ ಮುಚ್ಚಿದೆ ಎಂದು ವಿಚಾರಿಸಿಕೊಳ್ಳಿ. ಶಿವಮೊಗ್ಗದ ಕಡೆಯಿಂದ ನೋಡಿದ ಮೇಲೆ ಹೊಳೆ ದಾಟಿ ಉತ್ತರ ಕನ್ನಡದ ಕಡೆಯ ಬಾಂಬೆ ಬಂಗಲೆಗೂ ಹೋಗಿ. ಒಂದು ಕಾಲಕ್ಕೆ ಈ ಹೊಳೆಯೇ ಮೈಸೂರು, ಮುಂಬಯಿ ಪ್ರಾಂತ್ಯಗಳ ಗಡಿ. ಹೆಸರು ಹಾಗೇ ಉಳಿದಿದೆ. ಅಲ್ಲಿಂದ ರಾಜನ ನೆತ್ತಿಯೇ ಕಾಣುತ್ತದೆ.

ನೀವು ಹೋದಾಗ ಮಂಜು ಕವಿದು ಏನೂ ಕಾಣದಿರುವ ಸಾಧ್ಯತೆಯೇ ಹೆಚ್ಚು. ಕಾಲು ಗಂಟೆ ನೋಡಿ ಬೇಸತ್ತು ಕಾರು ಹತ್ತುವವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ನೀವು ಹಾಗೆ ಮಾಡಬೇಡಿ. ಅತ್ತೆಯವರನ್ನು ಎದುರಿನ ಕಟ್ಟೆಯ ಮೇಲೆ ಕೂರಿಸಿ ಕೊಡೆ ಹಿಡಿಯಿರಿ, ಮಕ್ಕಳಿಗೆ ಸುಟ್ಟ ಮೆಕ್ಕೆಜೋಳ ಕೊಡಿಸಿ, ಸದ್ದನ್ನು ಕೇಳುತ್ತಾ ಇರಿ. ಗಾಳಿ ತಿರುಗಿದರೆ ಪರದೆ ಎಡದಿಂದ ಸರಿಯತೊಡಗುತ್ತದೆ, ಎರಡು ನಿಮಿಷ ತೆರೆದಿದ್ದು ಮತ್ತೆ ಮುಚ್ಚುತ್ತದೆ. ಕ್ಯಾಮೆರಾವನ್ನು ಮಗನ ಕೈಗೆ ಮೊದಲೇ ಕೊಟ್ಟಿರಿ, ಆಗ ನೀವು ನೋಡಬಹುದು.